ನೋಡುವ ಜಾಗ ಬೇಕಾದಷ್ಟಿವೆ, ತಂಗುವ ಜಾಗ ಎಲ್ಲಿದೆ?

ಇಂದಿನ ಪಾಂಡವಪುರಕ್ಕೆ ಬ್ರಿಟಿಷರ ಕಾಗದಪತ್ರಗಳಲ್ಲಿದ್ದ ಹೆಸರು ಫ್ರೆಂಚ್ ರಾಕ್ಸ್. ಸುತ್ತಲಿನ ರೈತರ ಬಾಯಲ್ಲಿ ಅದು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿನ ಹೆಬ್ಬಂಡೆಗಳ ಬುಡದಲ್ಲಿ ಬೀಡು ಬಿಟ್ಟಿದ್ದರಿಂದ ಆ ಹೆಸರು ಬಂತು, ರೈಲು ನಿಲ್ದಾಣದ ಫಲಕಕ್ಕೂ ಏರಿತು, ಆಮೇಲೆ ಪಾಂಡವರ ಐತಿಹ್ಯಕ್ಕೆ ಜಾಗ ಬಿಟ್ಟು ಹೊರಟುಹೋಯಿತು. ಅದೇ ಫ್ರಾನ್ಸಿನ ಹಳ್ಳಿಗಳಿಗೆ ಈಗ ನಮ್ಮವರು ಲಕ್ಷಗಟ್ಟಲೆ ಖರ್ಚು ಮಾಡಿ ಹೋಗುತ್ತಾರೆ. ಹೋಗಿ ಮಾಡುವುದೇನೆಂದು ನೋಡಿದರೆ ಅಂಥ ದೊಡ್ಡದೇನಲ್ಲ. ಕಾಲುವೆ ದಡದಲ್ಲಿ ಸೈಕಲ್ ತುಳಿಯುತ್ತಾರೆ, ಒಂದು ಹಳೆಯ ಇಗರ್ಜಿ ನೋಡುತ್ತಾರೆ, ಗುಡ್ಡ ಹತ್ತುತ್ತಾರೆ, ವಾರದ ಸಂತೆಯಲ್ಲಿ ಗಿಣ್ಣು ಕೊಳ್ಳುತ್ತಾರೆ, ರೈತನ ಮನೆಯಲ್ಲಿ ಮಲಗುತ್ತಾರೆ. ಕಾಲುವೆ, ಗುಡಿ, ಗುಡ್ಡ, ಸಂತೆ ಎಲ್ಲವೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಧಾರಾಳವಾಗಿವೆ. ಇಲ್ಲದಿರುವುದು ಆ ಪಟ್ಟಿಯ ಕೊನೆಯದು. ಈ ಸೀಮೆಯ ಪ್ರವಾಸೋದ್ಯಮಕ್ಕೆ ಹೊಸ ಆಕರ್ಷಣೆಗಳನ್ನು ಕಟ್ಟಬೇಕೆಂಬ ಮಾತು ಸರ್ಕಾರದಿಂದ ಹಿಡಿದು ಹೋಟೆಲ್ ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಇದೆ. ಆದರೆ ಇಲ್ಲಿನ ಕೊರತೆ ನೋಡುವ ಜಾಗದ್ದಲ್ಲ, ಒಂದು ರಾತ್ರಿಯದು ಮತ್ತು ಒಂದು ಕಾಲುದಾರಿಯದು.

ಈಗಿನ ಪ್ರವಾಸಿಯ ದಿನಚರಿ ಹೀಗಿದೆ. ಬೆಂಗಳೂರಿನಿಂದ ಬಂದ ಕಾರು ಅಥವಾ ಟೆಂಪೊ ಟ್ರಾವೆಲರ್ ಬೆಳಿಗ್ಗೆ ಹತ್ತಕ್ಕೆ ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತದೆ. ರಂಗನಾಥನ ದರ್ಶನ, ಅಲ್ಲಿಂದ ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ರಂಗನತಿಟ್ಟಿನಲ್ಲಿ ಒಂದು ದೋಣಿ ಸುತ್ತು, ಸಂಜೆಗೆ ಬೃಂದಾವನದ ಕಾರಂಜಿ. ರಾತ್ರಿ ಮೈಸೂರಿನ ಹೋಟೆಲು. ಕಾವೇರಿಯ ದ್ವೀಪದಲ್ಲಿ ಇಡೀ ದಿನ ಅಲೆದವನ ಹಣದ ದೊಡ್ಡ ಪಾಲು, ಅಂದರೆ ಊಟ ಮತ್ತು ಕೋಣೆಯ ಬಾಡಿಗೆ, ಮಂಡ್ಯ ಜಿಲ್ಲೆಯ ಗಡಿ ದಾಟಿ ಹೋಗುತ್ತದೆ. ಇಲ್ಲಿ ಉಳಿಯುವುದು ಪಾರ್ಕಿಂಗ್ ಚೀಟಿ, ಎಳನೀರು, ಒಂದು ಪ್ಲೇಟ್ ಚುರುಮುರಿ ಮತ್ತು ಕಸ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಲೆಕ್ಕವನ್ನು ಇನ್ನಷ್ಟು ಕೆಡಿಸಿತು. ಸುಮಾರು 118 ಕಿ.ಮೀ. ಹೆದ್ದಾರಿ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಒಂದೊಂದೇ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆ ರಸ್ತೆಯ ಹೋಟೆಲು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಗಿರಾಕಿ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ರಸ್ತೆ ಚೆನ್ನಾದಷ್ಟೂ ಪ್ರವಾಸಿ ಬೇಗ ಬರುತ್ತಾನೆ ಎಂದುಕೊಂಡಿದ್ದೆವು. ಬೇಗ ವಾಪಸ್ಸೂ ಹೋಗುತ್ತಾನೆ ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ರಾತ್ರಿ ಉಳಿದವನಿಗೆ ಇಲ್ಲಿ ಏನಿದೆ ಎನ್ನುವವರು ಪಾಂಡವಪುರದಿಂದ ಶುರು ಮಾಡಬೇಕು. ಊರಿಗೆ ಅಂಟಿಕೊಂಡಂತೆ ಕುಂತಿಬೆಟ್ಟ ಇದೆ. ಕುಂತಿ ಮಕ್ಕಳೊಡನೆ ಇಲ್ಲಿ ಇದ್ದಳೆಂಬ ಕಥೆಗೆ ಬಂಡೆಯ ಮೇಲಿನ ಗುರುತುಗಳನ್ನೆಲ್ಲ ಸಾಕ್ಷಿ ಮಾಡಿಕೊಂಡ ಬೆಟ್ಟ ಅದು. ವಾರಾಂತ್ಯಕ್ಕೆ ಬೆಂಗಳೂರಿನ ಹುಡುಗ ಹುಡುಗಿಯರು ಕತ್ತಲಲ್ಲೇ ಬಂದು ಸೂರ್ಯೋದಯಕ್ಕೆ ತುದಿ ಮುಟ್ಟುತ್ತಾರೆ. ಒಂಬತ್ತು ಗಂಟೆಗೆಲ್ಲ ಇಳಿದು ಬಂದ ಬಸ್ಸಿನಲ್ಲೇ ಊರು ಸೇರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ತೊಣ್ಣೂರು ಕೆರೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಈ ನೀರು ಎಷ್ಟು ತಿಳಿಯಾಗಿತ್ತೆಂದರೆ, 18ನೇ ಶತಮಾನದಲ್ಲಿ ಇತ್ತ ಬಂದ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದನೆಂಬುದು ಗೆಜೆಟಿಯರುಗಳ ಮಾತು. ದ್ವಾರಸಮುದ್ರ ಹಾಳಾದ ಮೇಲೆ ಹೊಯ್ಸಳರು ಆಸರೆ ಪಡೆದದ್ದು ಇದೇ ತೊಣ್ಣೂರಿನಲ್ಲಿ, ಅಂದಿನ ತೊಂಡನೂರಿನಲ್ಲಿ. ರಾಮಾನುಜರ ನೆನಪಿನ ಗುಡಿಗಳು, ನಂಬಿನಾರಾಯಣ, ವೇಣುಗೋಪಾಲ, 14ನೇ ಶತಮಾನದ್ದೆನ್ನುವ ಒಂದು ಸೂಫಿ ಗೋರಿ, ಎಲ್ಲವೂ ಕೆರೆಯ ಆಸುಪಾಸಿನ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಇನ್ನೂ ಮುಂದೆ ಹೋದರೆ ಮೇಲುಕೋಟೆ. ವೈರಮುಡಿಯ ದಿನ ಲಕ್ಷಗಟ್ಟಲೆ ಜನ ಸೇರುವ ಊರಿನಲ್ಲಿ ಉಳಿದ ದಿನಗಳ ಮುಂಜಾನೆ ಎಷ್ಟು ಬಿಡುವಾಗಿರುತ್ತದೆ ಎಂಬುದು ಹನ್ನೊಂದು ಗಂಟೆಗೆ ಬಂದು ಪುಳಿಯೋಗರೆ ಕಟ್ಟಿಸಿಕೊಂಡು ಹೋಗುವವರಿಗೆ ತಿಳಿಯುವುದಿಲ್ಲ. ಕಲ್ಯಾಣಿ, ಅಕ್ಕ-ತಂಗಿ ಕೊಳ, ಅರ್ಧಕ್ಕೆ ನಿಂತ ರಾಯಗೋಪುರ, ಪು.ತಿ.ನ. ಅವರ ಮನೆ, ಯೋಗಾನರಸಿಂಹನ ಬೆಟ್ಟ ಇವು ಕಾಲಿಗೆ ಸಿಗುವ ದೂರದಲ್ಲಿವೆ. ಸುತ್ತಲಿನ ಕುರುಚಲು ಕಾಡು ತೋಳಗಳಿಗೆಂದೇ 1974ರಲ್ಲಿ ವನ್ಯಧಾಮವಾಯಿತು. ತೋಳ ಹಗಲು ಹನ್ನೆರಡಕ್ಕೆ ಕಾರಿನ ಕಿಟಕಿಗೆ ಬಂದು ಮುಖ ತೋರಿಸುವ ಪ್ರಾಣಿಯಲ್ಲ.

ಕೆ.ಆರ್. ಪೇಟೆಯ ಪಾಡು ಇನ್ನೂ ವಿಚಿತ್ರ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದವು. ಅದೇ ಹೊಯ್ಸಳ ಉಳಿಯ ಕೆಲಸ ಈ ತಾಲ್ಲೂಕಿನಲ್ಲಿ ಹಳ್ಳಿಹಳ್ಳಿಗೆ ಹಂಚಿಹೋಗಿದೆ, ಕೇಳುವವರಿಲ್ಲ. ಪೇಟೆಗೆ ಎರಡು ಮೂರು ಕಿಲೋಮೀಟರ್ ದೂರದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಬುಡದಲ್ಲಿ ಆನೆಯ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಆಮೇಲೆ ರಾಮಾಯಣ-ಭಾರತಗಳ ಕಥೆ, ಮಕರ, ಹಂಸ ಎಂದು ಕಲ್ಲು ಮೇಲೇರುತ್ತದೆ. ಕಥೆಯ ಸಾಲನ್ನು ಓದಬೇಕಾದರೆ ಬಿಸಿಲು ಓರೆಯಾಗಿ ಬೀಳಬೇಕು. ಬೆಳಗಿನ ಎಂಟಕ್ಕೆ ಪೂರ್ವದ ಗೋಡೆ, ಸಂಜೆ ಐದಕ್ಕೆ ಪಶ್ಚಿಮದ ಗೋಡೆ. ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿ ಆಂಜನೇಯನಿಗೂ ವಾಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕಲ್ಲಿನ ಕೆಲಸವನ್ನು ನೋಡಲಿಕ್ಕೇ ಒಂದು ರಾತ್ರಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಸರಳ ಪುರಾವೆ ಇಲ್ಲ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದ್ದು. ಅದನ್ನು ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳನ್ನು ಒಂದೇ ಸಾಲಿಗೆ ಜೋಡಿಸಿದ ಪಂಚಲಿಂಗೇಶ್ವರ ಇದೆ; ಹೊಯ್ಸಳ ಗುಡಿಗಳಲ್ಲಿ ಇಂಥದ್ದು ಅಪರೂಪ. ಕಲ್ಲಹಳ್ಳಿಯಲ್ಲಿ ಹೇಮಾವತಿ ದಡದ ಭೂವರಾಹನಿದ್ದಾನೆ, ಹೇಮಗಿರಿಯಲ್ಲಿ ದನಗಳ ಜಾತ್ರೆ ಕಟ್ಟುತ್ತದೆ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿ, ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ಎರಡೂ ಇದೇ ತಾಲ್ಲೂಕಿನವು. ಕವಿಯೊಬ್ಬ ಹುಟ್ಟಿದ ಊರಿಗೆ ಯುರೋಪಿನಲ್ಲಾದರೆ ದಾರಿಫಲಕಗಳ ಸಾಲೇ ಇರುತ್ತದೆ. ಕಿಕ್ಕೇರಿಯನ್ನು ಕನ್ನಡಿಗರು ಹಾಡುಗಳಲ್ಲಿ ಕೇಳಿದ್ದಾರೆ, ಬಸ್ಸಿನ ಕಿಟಕಿಯಲ್ಲಿ ದಾಟಿದ್ದಾರೆ.

ನಾಗಮಂಗಲದ ಬಗ್ಗೆ ಚುಟುಕಾಗಿ ಹೇಳಬಹುದು. ಸೌಮ್ಯಕೇಶವ ಗುಡಿ, ಆದಿಚುಂಚನಗಿರಿಯ ನವಿಲುಧಾಮ, ಊರಿನ ಲೋಹದ ವಿಗ್ರಹಗಳ ಕಸುಬು, ಬಿ.ಎಂ.ಶ್ರೀ. ಅವರ ಬೆಳ್ಳೂರು. ಇವೆಲ್ಲವನ್ನೂ ಮೀರಿಸುವುದು ಗಂಗರ ಕಾಲದ ಕಂಬದಹಳ್ಳಿಯ ಪಂಚಕೂಟ ಬಸದಿ. ಶ್ರವಣಬೆಳಗೊಳಕ್ಕೆ ಬರುವ ಅಸಂಖ್ಯ ಜನರಲ್ಲಿ ಹತ್ತಿರದ ಈ ಹಳ್ಳಿಗೆ ತಿರುಗುವವರು ಬೆರಳೆಣಿಕೆಯವರು. ಬಯಲಿನಲ್ಲಿ ಒಂಟಿಯಾಗಿ ನಿಂತ ಎತ್ತರದ ಮಾನಸ್ತಂಭ, ಅದರ ಹಿಂದೆ ಒಂದೊಂದು ಆಕಾರದ ಶಿಖರ. ದಕ್ಷಿಣದ ಕಟ್ಟಡ ಕಲೆಯ ಪಾಠಪುಸ್ತಕದಂಥ ಜಾಗ.

ಇವುಗಳನ್ನು ಹೊಲಿಯುವ ದಾರ ಈಗಾಗಲೇ ನೆಲದ ಮೇಲಿದೆ. ಕೆರೆ ಏರಿಗಳು, ನಾಲೆ ಏರಿಗಳು, ಎತ್ತಿನ ಗಾಡಿಯ ಹಳೆಯ ಜಾಡುಗಳು. ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಕಟ್ಟಿದ ಒಡ್ಡುಗಳಿಂದ ಹೊರಡುವ ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ, ನದಿಯ ಕವಲನ್ನೇ ದಾಟಿ ದ್ವೀಪಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ, ಇವು ಕನ್ನಂಬಾಡಿ ಕಟ್ಟೆಗಿಂತ ಶತಮಾನಗಳಷ್ಟು ಹಳೆಯವು. ಕರಿಘಟ್ಟದ ಮೆಟ್ಟಿಲೇರಿ ನಿಂತರೆ ಲೋಕಪಾವನಿ ಕಾವೇರಿಯನ್ನು ಸೇರುವುದು, ಈ ನಾಲೆಗಳ ಹಸಿರು ಗೆರೆ ಎರಡೂ ಒಟ್ಟಿಗೆ ಕಾಣುತ್ತವೆ. ಕಾರಿಲ್ಲದವನಿಗೂ ದಾರಿ ಇದೆ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಮೈಸೂರು–ಬೆಂಗಳೂರು ರೈಲು ಮಾರ್ಗದಲ್ಲಿವೆ, ಅಕ್ಕಿಹೆಬ್ಬಾಳು ಮೈಸೂರು–ಹಾಸನ ಮಾರ್ಗದಲ್ಲಿದೆ, ಬೆಳ್ಳೂರಿನ ಮಗ್ಗುಲಿನ ಬಿ.ಜಿ. ನಗರ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗದಲ್ಲಿದೆ. ಒಂದು ನಿಲ್ದಾಣದಲ್ಲಿ ಇಳಿದು ಮೂರು ದಿನ ನಡೆದು ಇನ್ನೊಂದು ನಿಲ್ದಾಣದಲ್ಲಿ ರೈಲು ಹತ್ತಬಹುದಾದ ಭೂಪಟ ಇದು. ಅಂಥ ಅನುಕೂಲ ಕೊಡಗಿಗೂ ಇಲ್ಲ.

ಗ್ರಾಮವೇ ನೋಡುವ ವಸ್ತುವಾಗುವುದು ಎಂದರೇನು ಎಂಬುದಕ್ಕೆ ಆಲೆಮನೆಯನ್ನು ತೆಗೆದುಕೊಳ್ಳಿ. ಬೆಳಗಿನ ಜಾವ ಗಾಣ ತಿರುಗಲು ಶುರುವಾಗುತ್ತದೆ. ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ, ಅರೆದ ಕಬ್ಬಿನ ಒಣಗಿಸಿದ ರಚ್ಚೇ ಒಲೆಗೆ ಉರುವಲು. ಹಾಲು ಕಾದಂತೆ ಮೇಲೆ ಬರುವ ಮಡ್ಡಿಯನ್ನು ಉದ್ದ ಹಿಡಿಕೆಯ ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಪಾಕ ಹದಕ್ಕೆ ಬಂತೇ ಎಂದು ತಿಳಿಯಲು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡುತ್ತಾರೆ. ಒಂದು ನಿಮಿಷ ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಇದನ್ನು ಆದಿಯಿಂದ ಅಂತ್ಯದವರೆಗೆ ನೋಡಲು ಮೂರ್ನಾಲ್ಕು ತಾಸು ಬೇಕು ಮತ್ತು ನೋಡುವವನು ಹಿಂದಿನ ರಾತ್ರಿ ಅದೇ ಊರಿನಲ್ಲಿ ಮಲಗಿರಬೇಕು. ಮಂಡ್ಯದ ಬೆಲ್ಲವನ್ನು ಹೆದ್ದಾರಿಯ ಅಂಗಡಿಯಲ್ಲಿ ಕೊಂಡವನಿಗೂ ಪಾಕದ ಹೊಗೆಯಲ್ಲಿ ನಿಂತು ಬಿಸಿ ಬೆಲ್ಲ ತಿಂದವನಿಗೂ ಇರುವ ಅಂತರವೇ ರೈತನಿಗೆ ಸಿಗುವ ಬೆಲೆಯ ಅಂತರವೂ ಹೌದು.

ಫ್ರಾನ್ಸ್ ಇದನ್ನು ಕಂಡುಕೊಂಡದ್ದು ಶೋಕಿಗಲ್ಲ, ಕಷ್ಟಕಾಲದಲ್ಲಿ. ಎರಡನೆಯ ಮಹಾಯುದ್ಧದ ನಂತರ ಹಳ್ಳಿಗಳು ಖಾಲಿಯಾಗುತ್ತಿದ್ದವು, ಮನೆಗಳು ಪಾಳು ಬೀಳುತ್ತಿದ್ದವು. ರೈತರಿಗೆ ಒಂದು ಉಪ ಆದಾಯ, ನಗರದ ಕೂಲಿಕಾರ ಕುಟುಂಬಕ್ಕೆ ಕೈಗೆಟಕುವ ರಜೆ ಎಂಬ ಎರಡು ಗುರಿ ಇಟ್ಟುಕೊಂಡು 1951ರಲ್ಲಿ ಆಲ್ಪ್ಸ್ ಸೀಮೆಯಲ್ಲಿ ಮೊದಲ ಗೀತ್ ಎಂಬ ತಂಗುಮನೆ ತೆರೆಯಿತು. 1955ರಲ್ಲಿ ಅವುಗಳ ಒಕ್ಕೂಟ ಹುಟ್ಟಿತು. ಅದಕ್ಕೂ ಮೊದಲು 1947ರಲ್ಲಿ ದೂರ ನಡಿಗೆಯ ದಾರಿಗಳನ್ನು ಗುರುತಿಸುವ ಸಮಿತಿ ಆಗಿತ್ತು. ಮರಕ್ಕೋ ಬಂಡೆಗೋ ಬಿಳಿ-ಕೆಂಪು ಎರಡು ಪಟ್ಟೆ ಬಳಿಯುವುದಷ್ಟೇ ಆ ಸಮಿತಿಯ ಎಂಜಿನಿಯರಿಂಗ್. ಇಂದು ಲಕ್ಷ ಕಿಲೋಮೀಟರ್ ಮೀರಿದ ಈ ಜಾಲವನ್ನು ನೋಡಿಕೊಳ್ಳುವವರು ಬಹುಪಾಲು ಸ್ವಯಂಸೇವಕರು. ಅಣೆಕಟ್ಟು, ರೋಲರ್ ಕೋಸ್ಟರ್ ಯಾವುದೂ ಇಲ್ಲದೆ ಬಣ್ಣದ ಡಬ್ಬಿ ಮತ್ತು ಹಾಸಿಗೆಯಿಂದ ಒಂದು ದೇಶದ ಗ್ರಾಮೀಣ ಪ್ರವಾಸೋದ್ಯಮ ನಿಂತಿತು. ನಮ್ಮ ಯೋಜನೆಗಳು ಎತ್ತ ಹೊರಟಿವೆ ನೋಡಿ. ಬೃಂದಾವನ ಉದ್ಯಾನವನ್ನು ಮನರಂಜನಾ ಪಾರ್ಕಾಗಿ ಮೇಲ್ದರ್ಜೆಗೇರಿಸಲು ಎರಡೂವರೆ ಸಾವಿರ ಕೋಟಿ ರೂಪಾಯಿ ಮೀರಿದ ಅಂದಾಜು, ಕಾವೇರಿ ಆರತಿಗೆ ತೊಂಬತ್ತು ಕೋಟಿ ಮೀರಿದ ಅಂದಾಜು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ದೊಡ್ಡ ಯೋಜನೆ ಬಂದರೆ ಜನ ಬರುತ್ತಾರೆ, ಜನ ಬಂದರೆ ಸ್ಥಳೀಯರಿಗೆ ಕೆಲಸ ಸಿಗುತ್ತದೆ, ನಡಿಗೆ-ಗಿಡಿಗೆಯಿಂದ ಯಾರ ಹೊಟ್ಟೆ ತುಂಬುತ್ತದೆ ಎಂಬುದು. ಜನ ಬರುತ್ತಾರೆ ಎನ್ನುವುದು ನಿಜ. ಆದರೆ ಬೃಂದಾವನಕ್ಕೆ ತೊಂಬತ್ತು ವರ್ಷಗಳಿಂದ ಜನ ಬರುತ್ತಲೇ ಇದ್ದಾರಲ್ಲ, ಅದರಿಂದ ಕಿಕ್ಕೇರಿಗೆ ಏನು ಬಂತು? ಟಿಕೆಟ್ ಪಡೆಯುವ ಒಂದೇ ಬಾಗಿಲಿರುವ ಆಕರ್ಷಣೆಯ ಸ್ವಭಾವವೇ ಅದು. ಜನರನ್ನು ಸುತ್ತಲ ಊರುಗಳಿಂದ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಂಚುವುದಿಲ್ಲ. ಜೊತೆಗೆ ಉದ್ಯಾನಕ್ಕೆ ಅಂಟಿಕೊಂಡ ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಪ್ರಶ್ನೆ ಇದೆ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಗಲಾಟೆಯ ನಂತರ 2024ರ ಆರಂಭದಲ್ಲಿ ಹೈಕೋರ್ಟ್ ಅಣೆಕಟ್ಟಿನ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಪಾರ್ಕು ಮತ್ತು ಆರತಿ ಎರಡನ್ನೂ ರೈತ ಸಂಘಟನೆಗಳು ವಿರೋಧಿಸಿದ್ದು ಈ ಹಿನ್ನೆಲೆಯಲ್ಲಿ. ಅವರಿಗೆ ಕಟ್ಟೆ ಎಂದರೆ ಬೇಸಿಗೆ ಬೆಳೆಯ ನೀರು, ಬಣ್ಣದ ದೀಪವಲ್ಲ. ಆರತಿಯ ಮೊತ್ತದ ಹತ್ತರಲ್ಲಿ ಒಂದು ಪಾಲು ಸಾಕು, ನಾಲ್ಕು ತಾಲ್ಲೂಕಿನ ಗುಡಿ-ಕೆರೆಗಳ ಹಾದಿಗೆ ಗುರುತು, ಫಲಕ, ಶೌಚಾಲಯ, ಕುಡಿಯುವ ನೀರು ಒದಗಿಸುವ ಕೆಲಸ ಧೈರ್ಯವಾಗಿ ಶುರು ಮಾಡಬಹುದು.

ಎರಡನೆಯ ಆಕ್ಷೇಪ ಜೀವಕ್ಕೆ ಸಂಬಂಧಿಸಿದ್ದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಬಲಮುರಿಯಲ್ಲಿ, ತೊಣ್ಣೂರಿನಲ್ಲಿ ಈಜಲು ಇಳಿದು ಮುಳುಗಿದವರ ಸುದ್ದಿ ಹೊಸದಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಇರುವುದೂ ಸುಳ್ಳಲ್ಲ. ಇಂಥ ಕಡೆ ಊರಿಗೆ ಹೊಸಬರನ್ನು ನಡೆಯಲು ಬಿಡುವುದೇ ಎಂದು ಕೇಳಬಹುದು. ಆದರೆ ನಾಲೆಗೆ ತಡೆಗೋಡೆ ಬೇಕಾದದ್ದು ಪ್ರವಾಸಿಗಿಂತ ಮೊದಲು ಅದೇ ಏರಿಯ ಮೇಲೆ ದಿನವೂ ಶಾಲೆಗೆ ಹೋಗುವ ಮಗುವಿಗೆ. ಮುಳುಗಿದವರಲ್ಲಿ ಹೆಚ್ಚಿನವರು ಆಳ ಗೊತ್ತಿಲ್ಲದ ಹೊರಗಿನವರು; ಊರಿನ ಒಬ್ಬರು ಜೊತೆಯಲ್ಲಿದ್ದರೆ ಎಲ್ಲಿ ಇಳಿಯಬಾರದು ಎಂಬುದು ಮೊದಲ ಮಾತಾಗಿರುತ್ತದೆ. ಚಿರತೆಗೆ ಅಂಜಿ ರೈತ ಗದ್ದೆಗೆ ಹೋಗುವುದನ್ನು ಬಿಟ್ಟಿಲ್ಲ, ಹೊತ್ತು ನೋಡಿ ಹೋಗುತ್ತಾನೆ. ಬಿಸಿಲಿನ ವಿಚಾರ ಬೇರೆ: ಮಾರ್ಚ್‌ನಿಂದ ಮೇ ತನಕ ಈ ಸೀಮೆಯಲ್ಲಿ ಹಗಲು ನಡೆಯಿರಿ ಎನ್ನುವುದು ಮೂರ್ಖತನ. ನವೆಂಬರ್‌ನಿಂದ ಫೆಬ್ರವರಿಯ ನಾಲ್ಕು ತಿಂಗಳು ಹೇಳಿ ಮಾಡಿಸಿದ ಕಾಲ. ಕೆರೆ ತುಂಬಿರುತ್ತವೆ, ಕೊಕ್ಕರೆಗಳು ರಂಗನತಿಟ್ಟಿಗೆ ಬರತೊಡಗಿರುತ್ತವೆ, ಜಾತ್ರೆಗಳೂ ಆಗಲೇ.

ಮೂರನೆಯದು ಕೊಡಗು, ಚಿಕ್ಕಮಗಳೂರುಗಳನ್ನು ತೋರಿಸಿ ಹೇಳುವ ಮಾತು: ಹೋಮ್‌ಸ್ಟೇ ಬಂದರೆ ಹಿಂದೆಯೇ ಬಾಟಲಿ, ಡಿಜೆ, ಜಮೀನು ಖರೀದಿಸುವ ನಗರದವರು ಬರುತ್ತಾರೆ. ಫ್ರಾನ್ಸಿನಲ್ಲೂ ಇದು ಆಗಿದೆ; ಚೆಂದದ ಹಳ್ಳಿಗಳೆಂದು ಹೆಸರು ಪಡೆದ ಎಷ್ಟೋ ಕಡೆ ಚಳಿಗಾಲದಲ್ಲಿ ಅರ್ಧ ಮನೆಗಳ ಬಾಗಿಲು ಹಾಕಿರುತ್ತದೆ, ಒಡೆಯರು ಪ್ಯಾರಿಸ್ಸಿನಲ್ಲಿರುತ್ತಾರೆ. ಅಪಾಯ ನಿಜವಾದ್ದರಿಂದಲೇ ಯಾರು ಶುರು ಮಾಡುತ್ತಾರೆ ಎಂಬುದು ಮುಖ್ಯ. ರೆಸಾರ್ಟ್ ಮೊದಲು ಬಂದರೆ ನಿಯಮ ಬರೆಯುವವನು ರೆಸಾರ್ಟಿನವನು, ಪಂಚಾಯಿತಿ ಮೊದಲು ಬಂದರೆ ಪಂಚಾಯಿತಿ. ಸುಮ್ಮನಿದ್ದರೆ ಊರು ಹೀಗೇ ಉಳಿಯುತ್ತದೆ ಎಂಬ ನಂಬಿಕೆ ಎಕ್ಸ್‌ಪ್ರೆಸ್‌ವೇ ಆಸುಪಾಸಿನ ಜಮೀನಿನ ಬೆಲೆ ಕೇಳಿದವರಿಗೆ ಇರಲಾರದು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಯಾರೂ ಬಹಿರಂಗವಾಗಿ ಎತ್ತುವುದಿಲ್ಲ. ಮನೆಯೊಳಗೆ ಅಪರಿಚಿತನನ್ನು ಮಲಗಿಸುವುದೆಂದರೆ ನಮ್ಮ ಹಳ್ಳಿಯಲ್ಲಿ ಅವನ ಜಾತಿ ಯಾವುದು ಎಂಬ ಪ್ರಶ್ನೆ ಹೊಸ್ತಿಲಲ್ಲೇ ನಿಂತಿರುತ್ತದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಗರ್ಜಿ ಕಟ್ಟಿದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ, ಇದೇ ಸೀಮೆಯಲ್ಲಿ ವರ್ಷಗಟ್ಟಲೆ ಇದ್ದು 1823ರಲ್ಲಿ ತನ್ನ ದೇಶಕ್ಕೆ ಮರಳಿದವನು, ನಮ್ಮ ರೂಢಿಗಳ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ ತಲೆಕೆಡಿಸಿಕೊಂಡದ್ದು ಬಹುಮಟ್ಟಿಗೆ ಇದರ ಬಗ್ಗೆಯೇ. ಇಲ್ಲಿ ಒಂದು ಮನೆಯಲ್ಲಿ ಬಾಡೂಟ, ಪಕ್ಕದ ಬೀದಿಯಲ್ಲಿ ಈರುಳ್ಳಿಯೂ ಇಲ್ಲ. ಮೇಲುಕೋಟೆಯ ಛತ್ರಗಳ ಕಟ್ಟಳೆ ಬೇರೆ, ಕಲ್ಲಹಳ್ಳಿಯ ಗೌಡರ ಮನೆಯ ಪದ್ಧತಿ ಬೇರೆ. ಖಾಸಗಿ ಮನೆಗಳ ಮೇಲೆಯೇ ಈ ಏರ್ಪಾಡನ್ನು ನಿಲ್ಲಿಸಿದರೆ ಕೆಲವರಿಗೆ ಕೋಣೆ ಸಿಗುತ್ತದೆ, ಕೆಲವರಿಗೆ ಇವತ್ತು ಖಾಲಿ ಇಲ್ಲ ಎಂಬ ಉತ್ತರ ಸಿಗುತ್ತದೆ. ಇದಕ್ಕೂ ಫ್ರಾನ್ಸಿನ ಹಳ್ಳಿಗಳಲ್ಲಿ ಒಂದು ಮಾದರಿ ಇದೆ: ಊರಾಡಳಿತವೇ ತನ್ನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ನಡೆಸುವ ತಂಗುಮನೆ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಸರ್ಕಾರಿ ಶಾಲೆ, ಬಳಕೆ ತಪ್ಪಿದ ಸಮುದಾಯ ಭವನ ನಮ್ಮಲ್ಲೂ ಇವೆ. ಪಂಚಾಯಿತಿಯ ಹೆಸರಿನಲ್ಲಿ ಎಂಟು ಮಂಚ, ಸೋಲಾರ್ ನೀರು, ಒಂದು ರಿಜಿಸ್ಟರು. ಅಡುಗೆ ಊರಿನ ಸ್ತ್ರೀಶಕ್ತಿ ಸಂಘದವರದು, ರಾತ್ರಿಗೆ ರಾಗಿಮುದ್ದೆ-ಉಪ್ಸಾರು, ಬೆಳಿಗ್ಗೆಗೆ ರೊಟ್ಟಿ. ಅಡುಗೆಯವರ ಪಾಳಿಯಲ್ಲಿ ಎಲ್ಲ ಕೇರಿಯ ಹೆಂಗಸರೂ ಇರಬೇಕು ಎಂಬುದನ್ನು ಮೊದಲ ದಿನವೇ ಠರಾವಿನಲ್ಲಿ ಬರೆದುಕೊಳ್ಳಬೇಕು, ಆಮೇಲೆ ಸೇರಿಸುತ್ತೇವೆ ಎಂದರೆ ಅದು ಆಗುವುದಿಲ್ಲ. ಸಾರ್ವಜನಿಕ ಕಟ್ಟಡದ ಬಾಗಿಲಲ್ಲಿ ಜಾತಿ ಕೇಳಿ ದಲಿತರನ್ನು ತಡೆಯುವುದು ಅಪರಾಧ. ಖಾಸಗಿ ಮನೆಯ ಹೊಸ್ತಿಲಲ್ಲಿ ಆ ಕಾನೂನು ತೋರಿಸುವುದು ಕಷ್ಟ, ಪಂಚಾಯಿತಿಯ ಬೀಗದ ಕೈ ಇರುವ ಕಡೆ ತೋರಿಸಬಹುದು.